ಆರನೇ ಲ್ಯಾಂಡಿಂಗ್‌ಗೆ ಎಡ ರೆಕ್ಕೆ ಕುಸಿದಿದ್ದು ಯಾಕೆ?

ಮೊದಲೇ ಹೇಳಿಬಿಡುತ್ತೇನೆ, ಇದು ಜನ ಕೂತು ಹಾರುವ ವಿಮಾನದ ವಿಷಯ ಅಲ್ಲ. ನಮ್ಮದು ರಿಮೋಟಿನಲ್ಲಿ ಹಾರಿಸುವ ಫೋಮ್ ಟ್ರೈನರ್. ಈ ತುದಿಯಿಂದ ಆ ತುದಿಗೆ 1.2 ಮೀಟರ್ ರೆಕ್ಕೆ, ಬ್ಯಾಟರಿ ಸೇರಿ 900 ಗ್ರಾಂ ಹತ್ತಿರ ತೂಕ. ರೆಕ್ಕೆ ಬೆನ್ನ ಮೇಲೆ, ಮೂಗಿನಡಿ ಒಂದು ಚಕ್ರ, ಹಿಂದೆ ಎರಡು. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಕೊಳ್ಳುವ ಮಾದರಿ. ಲ್ಯಾಂಡಿಂಗ್ ಅಭ್ಯಾಸ ಮಾಡುವಾಗ ಬಿತ್ತು. ಬಿದ್ದ ಕಾರಣ ಹುಡುಕಲು ನಮಗೆ ಒಂದು ಸಂಜೆ ಪೂರ್ತಿ ಬೇಕಾಯಿತು, ಅದರಲ್ಲಿ ಅರ್ಧ ಹೊತ್ತು ಬರೀ ಜಗಳಕ್ಕೆ ಹೋಯಿತು. ನಿಮಗೆ ಆ ಅರ್ಧ ಹೊತ್ತಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಜಾಗ ತೀರ್ಥಹಳ್ಳಿ ಕಡೆ, ಅಕ್ಕನ ಮನೆಯ ಗದ್ದೆ. ಜನವರಿ ತಿಂಗಳು, ಕೊಯ್ಲು ಮುಗಿದು ನೆಲ ಒಣಗಿತ್ತು. ಎರಡು ಕಡೆ ಅಡಿಕೆ ತೋಟ, ಒಂದು ಕಡೆ ಗುಡ್ಡ. ಗದ್ದೆ ನಡುವೆ ಒಂದು ಪಟ್ಟಿ ಮಾತ್ರ ಕೂಳೆ ಸವರಿ ರನ್‌ವೇ ಮಾಡಿಕೊಂಡಿದ್ದೆವು. ನಾನು ಇರುವುದು ಶಿವಮೊಗ್ಗದಲ್ಲಿ, ಆದರೂ ಇಷ್ಟು ದೂರ ಬರುವುದಕ್ಕೆ ಕಾರಣ ಇದೆ. ಶಿವಮೊಗ್ಗ ಪಕ್ಕದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. 2021ರ ಡ್ರೋನ್ ನಿಯಮಗಳು ನಮ್ಮಂಥ ಆಟದ ವಿಮಾನಗಳಿಗೂ ಅನ್ವಯಿಸುತ್ತವೆ. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ 200 ಅಡಿ ಎತ್ತರದವರೆಗೆ ಮಾತ್ರ ಹಸಿರು ವಲಯ, ಅಂದರೆ ಅನುಮತಿ ಬೇಡದ ಜಾಗ, ಅದಕ್ಕಿಂತ ಹತ್ತಿರ ಅನುಮತಿಯ ರಗಳೆ. ಊರಿನ ಮೈದಾನದಲ್ಲಿ ಹಾರಿಸುವ ಮುಂಚೆ ಈ ವಲಯಗಳ ನಕ್ಷೆ ನೋಡಿ. ಗದ್ದೆಯೇ ಎಷ್ಟೋ ವಾಸಿ.

ಹಾರಿಸುತ್ತಿದ್ದವನು ಅಕ್ಕನ ಮಗ, ಪಿಯುಸಿ ಹುಡುಗ. ಐದು ಸಲ ಚಕ್ರ ಮುಟ್ಟಿಸಿ ಹಾಗೇ ಮೇಲೆತ್ತಿದ್ದ. ಮೂರನೆಯದು ಜೋರಾಗಿ ಕುಪ್ಪಳಿಸಿ, ಪಟ್ಟಿ ಬಿಟ್ಟು ಪಕ್ಕಕ್ಕೆ ಹೋಗಿ, ಎಡ ರೆಕ್ಕೆ ಕೂಳೆಗೆ ಸವರಿಕೊಂಡು ಹೇಗೋ ಎದ್ದು ಹೋಗಿತ್ತು. ನಾವಿಬ್ಬರೂ ನಕ್ಕಿದ್ದೆವು. ಆರನೆಯದಕ್ಕೆ ತೋಟದ ಮೇಲಿಂದ ಎಡಕ್ಕೆ ತಿರುಗಿಸಿ ಪಟ್ಟಿಯ ನೇರಕ್ಕೆ ತರುತ್ತಿದ್ದ, ನೆಲದಿಂದ ಎರಡಾಳೆತ್ತರ ಇತ್ತೋ ಏನೋ, ಎಡ ರೆಕ್ಕೆ ಒಮ್ಮೆಲೇ ಕುಸಿಯಿತು. ತುದಿ ನೆಲಕ್ಕೆ ಬಡಿದು, ಗಿರಕಿ ಹೊಡೆದು, ಮೂಗು ಗದ್ದೆ ಅಂಚಿಗೆ ಹೊಕ್ಕಿತು.

"ಸ್ಟಿಕ್ ಜಾಸ್ತಿ ಎಳೆದೆ ನೀನು" ಅಂದೆ ನಾನು.

"ಇಲ್ಲ ಮಾವ, ಬಲಕ್ಕೆ ಕೊಟ್ಟೆ, ಅದು ಕೇಳಲೇ ಇಲ್ಲ. ಸಿಗ್ನಲ್ ಹೋಗಿರ್ಬೇಕು."

ಅಷ್ಟರಲ್ಲಿ ಭಾವ ತೋಟದಿಂದ ಬಂದವರು ನೋಡಿ, "ಎಂತ ಮಾರಾಯ, ಗದ್ದೆ ಉಳೋದಕ್ಕೆ ಬಂದಿದ್ದಾ?" ಅಂದರು. ಗಾಳಿ ಸರಿ ಇಲ್ಲ ಅನ್ನುವುದು ಅವರ ತೀರ್ಮಾನ. ಮೂರು ಜನ, ಮೂರು ಕಾರಣ. ಯಾರೂ ಇನ್ನೂ ವಿಮಾನ ಮುಟ್ಟಿಯೂ ಇರಲಿಲ್ಲ!

ಬಿದ್ದ ತಕ್ಷಣ

ಥ್ರಾಟಲ್, ಅಂದರೆ ಮೋಟಾರಿನ ವೇಗದ ಸ್ಟಿಕ್, ಸೊನ್ನೆಗೆ ಇಳಿಸಿ. ಮೂಗು ಮಣ್ಣಲ್ಲಿ ಹೂತು ಪ್ರೊಪೆಲ್ಲರ್ ಸಿಕ್ಕಿಕೊಂಡಿರುವಾಗ ಥ್ರಾಟಲ್ ಸ್ವಲ್ಪ ಮೇಲಿದ್ದರೂ ಮೋಟಾರ್ ತಿರುಗಲಾಗದೆ ಕರೆಂಟ್ ಎಳೆಯುತ್ತಲೇ ಇರುತ್ತದೆ, ಮೋಟಾರಿಗೆ ಕರೆಂಟ್ ಕೊಡುವ ಸ್ಪೀಡ್ ಕಂಟ್ರೋಲರ್ ಸುಟ್ಟುಹೋಗುತ್ತದೆ. ಬಿದ್ದ ಪೆಟ್ಟಿಗಿಂತ ಅದೇ ದುಬಾರಿ. ಓಡಿ ಹೋಗಿ ಬ್ಯಾಟರಿ ತೆಗೆಯಿರಿ, ಆದರೆ ತೆಗೆಯುವ ಮುಂಚೆ ಒಂದು ಕಣ್ಣು ರಿಸೀವರ್ (ವಿಮಾನದೊಳಗೆ ರಿಮೋಟಿನ ಸಿಗ್ನಲ್ ಹಿಡಿಯುವ ಪುಟ್ಟ ಪೆಟ್ಟಿಗೆ) ದೀಪದ ಮೇಲಿರಲಿ. ಕೆಲವು ರಿಸೀವರುಗಳಲ್ಲಿ ಹಾರಾಟದ ನಡುವೆ ಕರೆಂಟ್ ಹೋಗಿ ಬಂದಿದ್ದರೆ ದೀಪ ಮಿನುಗುತ್ತಾ ಇರುತ್ತದೆ, ಬ್ಯಾಟರಿ ಕಿತ್ತರೆ ಆ ಸಾಕ್ಷಿ ಹೋಯಿತು. ನಮ್ಮದು ಸ್ಥಿರವಾಗಿ ಉರಿಯುತ್ತಿತ್ತು.

ರಿಮೋಟ್ ಮಾತ್ರ ಹಾಗೇ ಇರಲಿ. ಆಫ್ ಮಾಡುವುದಿದ್ದರೆ ಬ್ಯಾಟರಿ ತೆಗೆದ ಮೇಲೆ ಮಾಡಿ, ಆದರೆ ವಿಮಾನ ಒಂದು ಕಡೆ ವಾಲುವುದನ್ನು ಸರಿಮಾಡಲು ಒತ್ತುವ ಟ್ರಿಮ್ ಬಟನ್‌ಗಳಿಗೆ ಕೈ ಹಾಕಬೇಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ. ಹುಡುಗರಿಗೆ ಒಂದು ಚಾಳಿ, ಬಿದ್ದ ಕೂಡಲೇ ರಿಮೋಟ್ ಹಿಡಿದು ಎಲ್ಲ ಬಟನ್ ಒತ್ತಿ ನೋಡುವುದು. ನಾನೇ ಒತ್ತಲು ಹೊರಟಿದ್ದೆ, ಅವನೇ ತಡೆದ ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಬ್ಯಾಟರಿ ಉಬ್ಬಿದೆಯಾ, ನಜ್ಜಾಗಿದೆಯಾ ನೋಡಿ. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಪೆಟ್ಟು ಬಿದ್ದರೆ ತಕ್ಷಣ ಏನೂ ಆಗದೆ, ಸ್ವಲ್ಪ ಹೊತ್ತಿನ ಮೇಲೆ ಹೊತ್ತಿಕೊಳ್ಳುವುದುಂಟು. ಬರಿ ಮಣ್ಣಿನ ಮೇಲೆ ಇಟ್ಟು ಅರ್ಧ ಗಂಟೆ ಕಾಯಿರಿ. ಹುಲ್ಲಿನ ಬಣವೆ ಪಕ್ಕ, ಕಾರಿನ ಡಿಕ್ಕಿಯಲ್ಲಿ, ಒಣಗಲು ಹಾಕಿದ ಅಡಿಕೆ ಹತ್ತಿರ ಬೇಡವೇ ಬೇಡ.

ಆಮೇಲೆ ಚೂರುಗಳನ್ನು ಆರಿಸುವ ಮುಂಚೆ ಫೋಟೋ. ದೂರದಿಂದ ಒಂದು, ಹತ್ತಿರದಿಂದ ನಾಲ್ಕಾರು.

ನೆಲ ನೋಡಿ

ನೆಲದ ಗುರುತು ತುಂಬಾ ಹೇಳುತ್ತದೆ. ಮೂಗಿನ ಗುಂಡಿ ಮಾತ್ರ ಇದ್ದರೆ ವಿಮಾನ ನೇರ ಕೆಳಗೆ ಮುಖ ಮಾಡಿ ಬಂದಿದೆ. ಆಗ ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ) ಕೈಕೊಟ್ಟಿತೇ, ಸರಿಯಾಗಿ ಸ್ಟಾಲ್ ಆಯಿತೇ, ಅಂದರೆ ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಂಡಿತೇ ಅಂತ ಯೋಚಿಸಬೇಕು. ಮೊದಲು ರೆಕ್ಕೆ ತುದಿಯ ಗೀರು, ಅದರ ಮುಂದೆ ಮೂಗಿನ ಗುಂಡಿ ಇದ್ದರೆ ವಿಮಾನ ಪಕ್ಕಕ್ಕೆ ಉರುಳುತ್ತಾ ಬಂದಿದೆ. ಚಕ್ರದ ಗುರುತು ಒಂದರ ಮುಂದೆ ಒಂದು ಮೂರ್ನಾಲ್ಕು ಕಡೆ ಇದ್ದರೆ ಅದು ಕುಪ್ಪಳಿಸಿದ ಕೇಸು. ನಮ್ಮದರಲ್ಲಿ ಎಡ ತುದಿಯ ಗೀರು ಒಂದು ಮೊಳ ಉದ್ದ ಇತ್ತು, ಅದರಾಚೆ ಗುಂಡಿ.

ಪ್ರೊಪೆಲ್ಲರ್ ನೋಡಿ. ಎರಡೂ ಎಲೆ ಮುರಿದಿದ್ದರೆ ಸಾಮಾನ್ಯವಾಗಿ ಮೋಟಾರ್ ಜೋರಾಗಿ ತಿರುಗುತ್ತಿತ್ತು ಅಂತ. ಒಂದೇ ಮುರಿದಿದ್ದರೆ ನಿಂತಿತ್ತು, ಇಲ್ಲವೇ ನಿಧಾನ ಇತ್ತು. ನಮ್ಮದು ಒಂದೇ ಮುರಿದಿತ್ತು. ಇಳಿಸುವಾಗ ಥ್ರಾಟಲ್ ಕಡಿಮೆ ಇರುವುದು ಸಹಜ, ಹಾಗಾಗಿ ಇದರಿಂದ ದೊಡ್ಡ ಸುಳಿವೇನೂ ಸಿಗಲಿಲ್ಲ.

ಸಿಗ್ನಲ್, ಬ್ಯಾಟರಿ: ಬೇಗ ಮುಗಿಸಿ

ಏನೇ ಬಿದ್ದರೂ ಮೊದಲು ಬೈಗುಳ ತಿನ್ನುವುದು ಸಿಗ್ನಲ್. 200 ಮೀಟರ್ ದೂರದಲ್ಲಿ ಸರಿಯಾಗಿದ್ದ ಸಿಗ್ನಲ್ ಕಣ್ಣೆದುರು 20 ಮೀಟರಲ್ಲಿ ಹೋಗುವುದು ಅಪರೂಪ. ಆದರೂ ನೋಡಿಬಿಡಿ. ಪ್ರೊಪೆಲ್ಲರ್ ಬಿಚ್ಚಿ, ರಿಮೋಟ್ ಮೊದಲು ಆನ್ ಮಾಡಿ ಆಮೇಲೆ ವಿಮಾನದ ಬ್ಯಾಟರಿ ಹಾಕಿ, ರಿಮೋಟಿನ ರೇಂಜ್ ಪರೀಕ್ಷೆಯ ಆಯ್ಕೆ ಒತ್ತಿ ಮೂವತ್ತು ಹೆಜ್ಜೆ ದೂರ ಹೋಗಿ ಸ್ಟಿಕ್ ಅಲ್ಲಾಡಿಸಿ. ಏಲೆರಾನ್‌ಗಳು, ಅಂದರೆ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳು, ತಡೆಯಿಲ್ಲದೆ ಆಡಿದರೆ ಸಿಗ್ನಲನ್ನು ಬಿಟ್ಟುಬಿಡಿ.

ಬ್ಯಾಟರಿಗೆ ಮೀಟರ್ ಹಿಡಿಯಿರಿ. ಮೂರು ಸೆಲ್‌ಗಳದ್ದಾದರೆ ತುಂಬಿದಾಗ 12.6 ವೋಲ್ಟ್. ಹಾರಿಸಿ ಸುಮ್ನೆ ಇಟ್ಟ ಮೇಲೆ ಸೆಲ್ಲಿಗೆ 3.7, 3.8 ತೋರಿಸಿದರೆ ತೊಂದರೆ ಇಲ್ಲ. ಬ್ಯಾಟರಿ ಇಳಿದಾಗ ಕಂಟ್ರೋಲರ್ ಮೊದಲು ಮೋಟಾರ್ ನಿಲ್ಲಿಸುತ್ತದೆ, ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳಿಗೆ, ಅಂದರೆ ಸರ್ವೋಗಳಿಗೆ, ಕರೆಂಟ್ ಉಳಿಸಿಕೊಳ್ಳುತ್ತದೆ. ಅಂದರೆ ಬ್ಯಾಟರಿ ಸತ್ತರೂ ಗ್ಲೈಡ್ ಮಾಡಿ ಇಳಿಸಬಹುದು, ಒಂದೇ ರೆಕ್ಕೆ ಕುಸಿಯುವುದಿಲ್ಲ.

ಮಲೆನಾಡಿನವರಿಗೆ ಮಾತ್ರ ಒಂದು ಮಾತು. ಮಳೆಗಾಲ ಪೂರ್ತಿ ವಿಮಾನ ಅಟ್ಟದ ಮೇಲೆ ಇರುತ್ತದಲ್ಲ, ಆಗುಂಬೆ ಆಸುಪಾಸಿನ ಮನೆಗಳಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಸರ್ವೋ ಪ್ಲಗ್ ಯಾವ ಲೆಕ್ಕ. ಹಸಿರು ಕಿಲುಬು ಹಿಡಿದ ಪಿನ್ ನಿಂತಲ್ಲಿ ಸರಿ ಇರುತ್ತದೆ, ವಿಮಾನ ಕುಪ್ಪಳಿಸಿದಾಗ ಒಂದು ಕ್ಷಣ ಸಂಪರ್ಕ ಬಿಡುತ್ತದೆ. ಪ್ರತಿ ಪ್ಲಗ್ ಕಿತ್ತು ನೋಡಿ, ವೈರ್ ಹಿಡಿದು ಅಲ್ಲಾಡಿಸುತ್ತಾ ಸರ್ವೋ ತೊದಲುತ್ತದಾ ಗಮನಿಸಿ. ನಮ್ಮದು ಈ ಪರೀಕ್ಷೆಯಲ್ಲೂ ಪಾಸ್.

ಟ್ರಿಮ್ ಎಷ್ಟಿದೆ?

ಇಲ್ಲಿಗೆ ಬಂದ ಮೇಲೆ ನಮ್ಮ ಜಗಳ ನಿಂತಿತು.

ರಿಮೋಟಿನ ಪರದೆಯಲ್ಲಿ ಏಲೆರಾನ್ ಟ್ರಿಮ್ ಬಲಕ್ಕೆ 9 ಕ್ಲಿಕ್ ಇತ್ತು. ಬೆಳಿಗ್ಗೆ ಮೊದಲ ಸಲ ಎತ್ತಿದಾಗ ಸೊನ್ನೆ, ಅದು ನನಗೆ ಖಾತ್ರಿ, ಯಾಕೆಂದರೆ ನಾನೇ ಎತ್ತಿಕೊಟ್ಟಿದ್ದೆ. "ಯಾವಾಗ ಕೊಟ್ಟೆ ಇದನ್ನ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ: ಮೂರನೇ ಸಲ ಕುಪ್ಪಳಿಸಿದ ಮೇಲೆ ವಿಮಾನ ಎಡಕ್ಕೆ ವಾಲುತ್ತಿತ್ತು, ಗಾಳಿ ಇರಬೇಕು ಅಂತ ನಾಲ್ಕು ಒತ್ತಿದೆ, ನಾಲ್ಕನೆಯದರ ಮೇಲೆ ಮತ್ತೆ ಎಳೆಯಿತು, ಇನ್ನೈದು ಒತ್ತಿದೆ.

ಗಾಳಿಗೆ ಟ್ರಿಮ್ ಬೇಕಾಗುವುದಿಲ್ಲ. ಗಾಳಿಯಾದರೆ ಒಮ್ಮೆ ಎಡಕ್ಕೆ ತಳ್ಳುತ್ತದೆ, ವಾಪಸ್ ತಿರುಗಿ ಬಂದಾಗ ಬಲಕ್ಕೆ. ಯಾವ ದಿಕ್ಕಿಗೆ ಹೋದರೂ ವಿಮಾನ ತನ್ನ ಎಡಕ್ಕೇ ವಾಲುತ್ತಿದೆ ಅಂದರೆ ವಿಮಾನದಲ್ಲೇ ಏನೋ ಸರಿದಿದೆ. ಒಂದೇ ಮಧ್ಯಾಹ್ನ, ಒಂದೇ ಬ್ಯಾಟರಿಯಲ್ಲಿ, ಟ್ರಿಮ್ ಹೀಗೆ ಒಂದೇ ಕಡೆ ಏರುತ್ತಾ ಹೋದರೆ ಆ ಕ್ಷಣವೇ ಇಳಿಸಬೇಕು. ನಾವು ಇಳಿಸಲಿಲ್ಲ.

ಈಗ ಪರೀಕ್ಷೆ. ಮುರಿದ ರೆಕ್ಕೆಯನ್ನು ಟೇಪ್ ಸುತ್ತಿ ಅಂದಾಜಿಗೆ ಜೋಡಿಸಿ, ಪ್ರೊಪೆಲ್ಲರ್ ಇಲ್ಲದೆ ಕರೆಂಟ್ ಕೊಟ್ಟೆವು. ಬಲಕ್ಕೆ ಟ್ರಿಮ್ ಇದ್ದಾಗ ಬಲ ಏಲೆರಾನ್ ಸ್ವಲ್ಪ ಮೇಲೆ, ಎಡದ್ದು ಸ್ವಲ್ಪ ಕೆಳಗೆ ಇರಬೇಕು. ನಮ್ಮದರಲ್ಲಿ ಎರಡೂ ಮೇಲಿದ್ದವು! ಸ್ಟಿಕ್ ಪೂರ್ತಿ ಬಲಕ್ಕೆ ಕೊಟ್ಟರೆ ಬಲದ್ದು ಚೆನ್ನಾಗಿ ಎದ್ದಿತು, ಎಡದ್ದು ಅರ್ಧಕ್ಕೆ ಇಳಿದು ನಿಂತಿತು. ಎಡದ ಪಟ್ಟಿಯನ್ನು ಬೆರಳಲ್ಲಿ ಮೆಲ್ಲಗೆ ತಡೆದು ಮತ್ತೆ ಕೊಟ್ಟೆ. ಸರ್ವೋ ತೋಳು ಪೂರ್ತಿ ತಿರುಗಿತು, ಪಟ್ಟಿ ಅಲ್ಲಾಡಲೇ ಇಲ್ಲ. ನಡುವಿನ ತಂತಿ ತನ್ನ ಹಿಡಿಕೆಯೊಳಗೆ ಜಾರುತ್ತಿತ್ತು.

ಆ ಹಿಡಿಕೆಗೆ ಲಿಂಕೇಜ್ ಸ್ಟಾಪರ್ ಅನ್ನುತ್ತಾರೆ. ಒಂದು ಪುಟ್ಟ ಹಿತ್ತಾಳೆ ಗುಬ್ಬಿ, ಅದರಲ್ಲಿ ತೂತು, ತೂತಿನೊಳಗೆ ತಂತಿ, ಮೇಲಿಂದ ಒತ್ತುವ ಒಂದು ಸಣ್ಣ ಸ್ಕ್ರೂ. ಬಿಚ್ಚಿ ಹೊಂದಿಸಲು ಸುಲಭ, ಅದಕ್ಕೇ ಕಡಿಮೆ ಬೆಲೆಯ ಫೋಮ್ ವಿಮಾನಗಳಲ್ಲಿ ಹಾಕುತ್ತಾರೆ. ನಯವಾದ ಗುಂಡನೆಯ ತಂತಿಯನ್ನು ಒಂದು ಸ್ಕ್ರೂ ಎಷ್ಟು ಹಿಡಿದೀತು ಹೇಳಿ. ಮೂರನೇ ಸಲ ಎಡ ರೆಕ್ಕೆ ಕೂಳೆಗೆ ಸವರಿದಾಗ ಕೂಳೆ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿತು, ತಂತಿ ಒಂದೆರಡು ಮಿಲಿಮೀಟರ್ ಜಾರಿತು, ಎಡ ಏಲೆರಾನ್ ಮೇಲೆದ್ದೇ ಉಳಿಯಿತು. ಎಡದ್ದು ಮೇಲಿದ್ದರೆ ವಿಮಾನ ಎಡಕ್ಕೆ ವಾಲುತ್ತದೆ. ಹುಡುಗ ಟ್ರಿಮ್ ಕೊಟ್ಟ, ಅದು ಮತ್ತೆ ಜಾರಿತು, ಮತ್ತೆ ಕೊಟ್ಟ. ಆರನೆಯದಕ್ಕೆ ಬಲಕ್ಕೆ ಕೊಟ್ಟಾಗ ಕೆಲಸ ಮಾಡಿದ್ದು ಒಂದೇ ರೆಕ್ಕೆ. ಅವನು ಹೇಳಿದ್ದು ನಿಜ, ಅದು ಕೇಳಲೇ ಇಲ್ಲ.

ಬಿದ್ದ ಪೆಟ್ಟಿಗೇ ಸ್ಕ್ರೂ ಸಡಿಲ ಆಗಿರಬಹುದಲ್ವಾ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ, ನನಗೂ ಬಂತು. ಅಪಘಾತದ ತನಿಖೆಯಲ್ಲಿ ಕಷ್ಟ ಇರುವುದೇ ಇಲ್ಲಿ, ಮುರಿದಿದ್ದೆಲ್ಲ ಕಾರಣವಾಗಿರುವುದಿಲ್ಲ, ಬಹಳಷ್ಟು ಬಿದ್ದ ಮೇಲೆ ಮುರಿದಿದ್ದು. ಸರ್ವೋ ಹಲ್ಲು ಮುರಿದಿದ್ದರೆ ಈ ಗೊಂದಲ ಇನ್ನೂ ಜಾಸ್ತಿ, ಯಾಕೆಂದರೆ ನೆಲಕ್ಕೆ ಬಡಿದಾಗ ಹಲ್ಲು ಸುಲಭವಾಗಿ ಹೋಗುತ್ತದೆ. ಬೇರ್ಪಡಿಸಲು ಒಂದೇ ದಾರಿ, ಬೀಳುವ ಮುಂಚಿನ ಸಾಕ್ಷಿ ಹುಡುಕುವುದು. ಬಿದ್ದ ವಿಮಾನ ಹಿಂದಕ್ಕೆ ಹೋಗಿ ರಿಮೋಟಿನ ಬಟನ್ ಒತ್ತಲಾರದು, ಆ 9 ಕ್ಲಿಕ್ ಬೀಳುವ ಮುಂಚಿನದು. ತಂತಿ ಹೊರಗೆಳೆದು ನೋಡಿದರೆ ಸ್ಕ್ರೂ ತುದಿಯ ಗೀರು ಒಂದಲ್ಲ, ಮೂರು ಕಡೆ ನಿಂತು ನಿಂತು ಜಾರಿದ ಹಾಗಿತ್ತು. ಫೋನಿನ ವಿಡಿಯೋ ನಿಧಾನ ಮಾಡಿ ನೋಡಿದಾಗ ಐದನೇ ಸಲ ನಮ್ಮ ಮುಂದೆ ಹಾದುಹೋಗುವಾಗಲೇ ಎಡ ಪಟ್ಟಿ ಸೆಟೆದು ನಿಂತಿತ್ತು.

ವಿಡಿಯೋ ಮಾಡಿದ್ದು ಅಕ್ಕ, ಅದೂ ಮಗ ವಿಮಾನ ಬಿಡುವುದನ್ನು ತೋರಿಸಲಲ್ಲ, ನಾವು ಗದ್ದೆಯಲ್ಲಿ ಹೊತ್ತು ಕಳೆಯುವುದನ್ನು ಊರಿಗೆಲ್ಲ ಕಳಿಸಲು.

ಹಾಗಾದರೆ ಮೂರನೆಯದು ಕುಪ್ಪಳಿಸಿದ್ದು ಯಾಕೆ?

ಸ್ಟಾಪರ್ ಸಿಕ್ಕಿತು ಅಂತ ಅಲ್ಲಿಗೇ ಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಆ ದಿನ ಮಾಮೂಲಿ 2200 ಎಂಎಎಚ್ ಬ್ಯಾಟರಿ ಶಿವಮೊಗ್ಗದ ಮನೆಯಲ್ಲೇ ಮರೆತು, 1500ರದ್ದು ತಂದಿದ್ದೆ. ತೂಕದಲ್ಲಿ ಸುಮಾರು 60 ಗ್ರಾಂ ಕಡಿಮೆ. ಹಗುರ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಹಾಕಿಬಿಟ್ಟೆ. ಬ್ಯಾಟರಿ ಕೂರುವುದು ಮೂಗಿನಲ್ಲಿ, ತೂಕದ ಮಧ್ಯಬಿಂದುವಿನಿಂದ 15 ಸೆಂಟಿಮೀಟರ್ ಮುಂದೆ. ಲೆಕ್ಕ ಹಾಕಿ: 60 ಗ್ರಾಂ ಇಂಟು 15, ಅಂದರೆ 900. ಅದನ್ನು ಉಳಿದ ತೂಕ 840 ಗ್ರಾಂನಿಂದ ಭಾಗಿಸಿದರೆ ಮಧ್ಯಬಿಂದು 1 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ಹಿಂದಕ್ಕೆ ಹೋಗಿದೆ. ನಮ್ಮ ರೆಕ್ಕೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 20 ಸೆಂಟಿಮೀಟರ್ ಅಗಲ. ಇಂಥ ಟ್ರೈನರಿಗೆ ಮುಂದಿನ ಅಂಚಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ತೂಕ ನಿಲ್ಲಬೇಕು, ಅಂದರೆ 5ರಿಂದ ಆರೂವರೆ ಸೆಂಟಿಮೀಟರ್. ಇರುವ ಜಾಗವೇ ಒಂದೂವರೆ ಸೆಂಟಿಮೀಟರ್, ಅದರಲ್ಲಿ ಒಂದು ಹೋಯಿತು.

ಎರಡು ತೋರುಬೆರಳ ಮೇಲೆ ರೆಕ್ಕೆ ಇಟ್ಟು ನೋಡಿದರೆ ಬಾಲ ಸೀದಾ ಕೆಳಗೆ. ಮುಂಚೆ ಮೂಗು ಮೆಲ್ಲಗೆ ತಗ್ಗುತ್ತಿತ್ತು.

ಬಾಲ ಭಾರ ಆದರೆ ಎಲಿವೇಟರ್ ವಿಪರೀತ ಚುರುಕಾಗುತ್ತದೆ. ನೆಲದ ಹತ್ತಿರ ಮೂಗೆತ್ತಲು ಮಾಮೂಲಿ ಕೊಡುವಷ್ಟೇ ಕೊಟ್ಟರೂ ವಿಮಾನ ಬಲೂನಿನ ಹಾಗೆ ಮೇಲೇಳುತ್ತದೆ, ವೇಗ ಕಳೆದುಕೊಳ್ಳುತ್ತದೆ, ಧೊಪ್ಪನೆ ಕೂರುತ್ತದೆ, ಮತ್ತೆ ಚಿಮ್ಮುತ್ತದೆ. ಆಗ ಕೈ ತಾನಾಗಿ ಮೂಗನ್ನು ಕೆಳಗೆ ಒತ್ತುತ್ತದೆ, ಅದೇ ತಪ್ಪು. ಒತ್ತಿದರೆ ಮುಂದಿನ ಚಕ್ರ ಮೊದಲು ಬಡಿದು ಇನ್ನೂ ಜೋರಾಗಿ ಚಿಮ್ಮುತ್ತದೆ. ಮನುಷ್ಯರು ಕೂರುವ ಸೆಸ್ನಾ 172ರಂಥ ಸಣ್ಣ ವಿಮಾನದಲ್ಲೂ ಕಲಿಯುವವರು ಮೂಗಿನ ಚಕ್ರದ ಕಾಲು ಮುರಿದುಕೊಳ್ಳುವುದು ಹೀಗೇ. ಚಿಮ್ಮಿದರೆ ಥ್ರಾಟಲ್ ಕೊಟ್ಟು, ಮೂಗು ಇದ್ದಲ್ಲೇ ಹಿಡಿದು, ಇನ್ನೊಂದು ಸುತ್ತು ಹೋಗಿ ಬನ್ನಿ.

ಅಂದರೆ ಸಾಲು ಹೀಗಿತ್ತು. ನಾನು ಬ್ಯಾಟರಿ ಬದಲಿಸಿದೆ, ಬಾಲ ಭಾರ ಆಯಿತು, ಮೂರನೆಯದು ಚಿಮ್ಮಿ ಕೂಳೆಗೆ ಸವರಿತು, ತಂತಿ ಜಾರಿತು, ಟ್ರಿಮ್ ಅದನ್ನು ಮುಚ್ಚಿಟ್ಟಿತು. ಹುಡುಗನಿಗೆ ಬೈದಿದ್ದು ನಾನು. ಸಂಜೆ ಅವನಿಗೆ ನೀರುದೋಸೆ ಜಾಸ್ತಿ ಬಡಿಸಿ ಸರಿ ಮಾಡಿಕೊಂಡೆ ಅನ್ನಿ.

ಭಾವನ ಗಾಳಿ

ಭಾವ ಹೇಳಿದ್ದೂ ಸುಳ್ಳಲ್ಲ. ಅಡಿಕೆ ಮರ 15 ಮೀಟರ್ ದಾಟಿ ಬೆಳೆಯುತ್ತದೆ. ತೋಟದ ತಲೆಯ ಮೇಲೆ ಗಾಳಿ ಬೀಸುತ್ತಿರುತ್ತದೆ, ತಲೆಯ ಕೆಳಗೆ ಗದ್ದೆಯಲ್ಲಿ ಎಲೆ ಅಲ್ಲಾಡುವುದಿಲ್ಲ. ಎದುರುಗಾಳಿಗೆ ಇಳಿಯುತ್ತಿರುವ ವಿಮಾನ ಆ ಗೆರೆ ದಾಟಿ ಕೆಳಗೆ ಬಂದ ಕೂಡಲೇ ರೆಕ್ಕೆಗೆ ಸಿಗುತ್ತಿದ್ದ ಗಾಳಿಯಲ್ಲಿ ಒಂದು ಪಾಲು ಹೋಗಿಬಿಡುತ್ತದೆ. ನೆಲದಿಂದ ನೋಡುವವರಿಗೆ ವೇಗ ಅಷ್ಟೇ ಕಾಣುತ್ತದೆ, ಆದರೆ ರೆಕ್ಕೆ ಹಸಿದಿರುತ್ತದೆ. ಅದರ ಜೊತೆ ವಾಲಿಸಿ ತಿರುಗುತ್ತಿದ್ದರೆ ಇನ್ನೂ ಕಷ್ಟ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗುವ ವೇಗ ಸುಮಾರು 1.2 ಪಟ್ಟು, 60 ಡಿಗ್ರಿಗೆ 1.4 ಪಟ್ಟು. ನಮ್ಮ ಹುಡುಗ ತಿರುಗಿದ್ದು ಆ ಗೆರೆಯ ಹತ್ತಿರವೇ. ಸ್ಟಾಪರ್ ಸರಿ ಇದ್ದಿದ್ದರೆ ಬಹುಶಃ ವಾಲಿ ಎದ್ದಿರುತ್ತಿತ್ತು.

ಇದಕ್ಕೆ ಬಿಡಿಭಾಗ ಬದಲಿಸುವ ಹಾಗಿಲ್ಲ. ತೋಟದ ಮೇಲೇ ತಿರುವು ಮುಗಿಸಿ, ರೆಕ್ಕೆ ಸಮ ಮಾಡಿಕೊಂಡು, ಸ್ವಲ್ಪ ಥ್ರಾಟಲ್ ಉಳಿಸಿಕೊಂಡು ಗೆರೆ ದಾಟಿ. ನಿಧಾನ ಇರುವಾಗ ರೆಕ್ಕೆ ಕುಸಿದರೆ ಏಲೆರಾನ್ ಕೊಡುವುದಕ್ಕಿಂತ ಥ್ರಾಟಲ್ ಕೊಟ್ಟು, ಮೂಗು ಸ್ವಲ್ಪ ಬಿಟ್ಟು, ರಡ್ಡರ್ (ಮೂಗನ್ನು ಎಡ ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಕೊಡಿ. ಕುಸಿದ ರೆಕ್ಕೆಯ ಏಲೆರಾನ್ ಕೆಳಗಿಳಿದರೆ ಆ ತುದಿ ಇನ್ನೂ ಬೇಗ ಸ್ಟಾಲ್ ಆಗುತ್ತದೆ.

ರಿಪೇರಿ

ತಂತಿಯಲ್ಲಿ ಸ್ಕ್ರೂ ಕೂರುವ ಜಾಗವನ್ನು ಅರದಿಂದ ಸ್ವಲ್ಪ ಚಪ್ಪಟೆ ಮಾಡಿ. ಆಗ ಸ್ಕ್ರೂಗೆ ಹಿಡಿತ ಸಿಗುತ್ತದೆ, ತಂತಿ ತಿರುಗುವುದೂ ಇಲ್ಲ. ಸ್ಕ್ರೂಗೆ ಅದು ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್ ಒಂದು ತೊಟ್ಟು ಸಾಕು, ಪಕ್ಕದ, ತಂತಿ ಸಿಕ್ಕಿಸುವ ಪ್ಲಾಸ್ಟಿಕ್ ಹಾರ್ನ್‌ಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ. ನಾವು ಏಲೆರಾನ್ ಎರಡಕ್ಕೂ ಸ್ಟಾಪರ್ ಕಿತ್ತು, ಸರ್ವೋ ಕಡೆ ತಂತಿಯನ್ನೇ ಝಡ್ ಆಕಾರಕ್ಕೆ ಬಗ್ಗಿಸಿ, ಈಚೆ ಕಡೆ ಕ್ಲೆವಿಸ್ (ಹಾರ್ನ್ ತೂತಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್) ಹಾಕಿದೆವು. ಜಾರಲು ಜಾಗವೇ ಇಲ್ಲ.

ಫೋಮ್ ಅಂಟಿಸುವ ಮುಂಚೆ ಯಾವ ಫೋಮ್ ಅಂತ ನೋಡಿ. ಥರ್ಮಾಕೋಲ್ ಜಾತಿಯದಾದರೆ ಮಾಮೂಲಿ ಸೂಪರ್ ಗ್ಲೂ ಅದನ್ನು ಕರಗಿಸಿ ತಿನ್ನುತ್ತದೆ, ಮೃದುವಾದ ರಬ್ಬರಿನಂಥ ಇಪಿಒ ಅನ್ನುವ ಫೋಮ್ ತಡೆದುಕೊಳ್ಳುತ್ತದೆ. ಒಂದು ಚೂರಿನ ಮೇಲೆ ಮೊದಲು ಪರೀಕ್ಷಿಸಿ. ಅಂಟು ಒಣಗಿದ ಮೇಲೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಒಂದು ರೆಕ್ಕೆ ತಿರುಚಿದ್ದರೆ ಮತ್ತೆ ಅದೇ ವಾಲುವ ರೋಗ. ಮೋಟಾರ್ ಶಾಫ್ಟ್ ಕೈಯಲ್ಲಿ ತಿರುಗಿಸಿ ಬಾಗಿದೆಯಾ ನೋಡಿ. ಮುರಿದ ಪ್ರೊಪೆಲ್ಲರ್ ಅಂಟಿಸಬೇಡಿ, ಬಿಸಾಕಿ.

ಮುಂದಿನ ಭಾನುವಾರ 2200ರ ಬ್ಯಾಟರಿ ಹಾಕಿ ಮತ್ತೆ ಎತ್ತಿದೆವು. ಟ್ರಿಮ್ ಎಲ್ಲ ಸೊನ್ನೆ ಮಾಡಿ, ತಂತಿ ಉದ್ದದಲ್ಲೇ ಸರಿಮಾಡಿಕೊಂಡಿದ್ದೆವು. ಪ್ರತಿ ಎರಡು ಲ್ಯಾಂಡಿಂಗ್‌ಗೆ ಒಮ್ಮೆ ನಿಲ್ಲಿಸಿ, ಪಟ್ಟಿಗಳನ್ನು ಬೆರಳಲ್ಲಿ ತಡೆದು ನೋಡುವುದು, ಟ್ರಿಮ್ ಸಂಖ್ಯೆ ಓದುವುದು. ಎಂಟು ಸಲ ಇಳಿಸಿದ, ಎರಡು ಸಲ ಸ್ವಲ್ಪ ಕುಪ್ಪಳಿಸಿತು, ಟ್ರಿಮ್ ಬಲಕ್ಕೆ 1 ಕ್ಲಿಕ್. ಆ ಒಂದು ಕ್ಲಿಕ್ ನಮ್ಮಿಬ್ಬರಲ್ಲಿ ಯಾರು ಒತ್ತಿದ್ದು ಅಂತ ಇನ್ನೂ ಜಗಳ ನಡೆದಿದೆ.